ಎನ್‌ರೂಟ್ ಚಾರ್ಟ್: ಗೆರೆ ಆಮೇಲೆ, ಅಂಕಿ ಮೊದಲು

ಎನ್‌ರೂಟ್ ಚಾರ್ಟ್ ಅಂದರೆ ವಿಮಾನಗಳ ವಾಯುಮಾರ್ಗಗಳ ನಕ್ಷೆ. ಅದನ್ನು ತೆರೆದ ಕೂಡಲೇ ನಾನು ಮಾರ್ಗ ಹುಡುಕಲು ಹೋಗುವುದಿಲ್ಲ, ತಾರೀಖು ನೋಡುತ್ತೇನೆ. ಚಾರ್ಟುಗಳನ್ನು ಪರಿಷ್ಕರಿಸುವ ಏರಾಕ್ ಚಕ್ರ 28 ದಿನದ್ದು, ಜಾರಿಗೆ ಬರುವುದು ಗುರುವಾರ. ಎಫ್‌ಎಂಎಸ್ (ವಿಮಾನದ ಮಾರ್ಗದರ್ಶಕ ಕಂಪ್ಯೂಟರ್) ಡೇಟಾಬೇಸ್ ಒಂದು ಚಕ್ರದ್ದು, ಚಾರ್ಟ್ ಇನ್ನೊಂದರದ್ದು ಆಗಿಬಿಟ್ಟರೆ ಚಾರ್ಟಿನಲ್ಲಿರುವ ವೇಪಾಯಿಂಟ್ (ಮಾರ್ಗದ ಗುರುತು ಬಿಂದು) ಆ ಕಂಪ್ಯೂಟರಿನಲ್ಲಿ ಸಿಗದೇ ಹೋಗಬಹುದು. ಕೈಯಲ್ಲಿರುವುದು ಲೋ ಆಲ್ಟಿಟ್ಯೂಡ್ ಚಾರ್ಟೋ ಹೈ ಆಲ್ಟಿಟ್ಯೂಡ್ ಚಾರ್ಟೋ ಅನ್ನುವುದನ್ನೂ ಆಗಲೇ ನೋಡಿಕೊಳ್ಳುತ್ತೇನೆ.

ಆಮೇಲೆ ಸೆಗ್ಮೆಂಟ್ ಸೆಗ್ಮೆಂಟಾಗಿ ಅಂಕಿ ಓದುತ್ತೇನೆ. ಎರಡು ವಿಒಆರ್‌ಗಳ (ದಿಕ್ಕು ತೋರಿಸುವ ನೆಲದ ರೇಡಿಯೊ ಕೇಂದ್ರಗಳ) ನಡುವಿನ ಒಂದು ಸೆಗ್ಮೆಂಟಿನ ಮೇಲೆ 9000, ಅದರಡಿ 7400ಟಿ, ಪಕ್ಕದಲ್ಲಿ 64 ಇದೆ ಅಂದುಕೊಳ್ಳಿ. 64 ದೂರ, ನಾಟಿಕಲ್ ಮೈಲಿಯಲ್ಲಿ. 9000 ಎಂಇಎ, ಅಂದರೆ ಆ ಸೆಗ್ಮೆಂಟಿನಲ್ಲಿ ಹಾರುವ ಕನಿಷ್ಠ ಎತ್ತರ, ಅಡಿಯಲ್ಲಿ: ಆ ಎತ್ತರದಲ್ಲಿ ಗುಡ್ಡದ ಭಯವಿಲ್ಲ, ವಿಒಆರ್ ಸಿಗ್ನಲ್ಲೂ ಉದ್ದಕ್ಕೂ ಸಿಗುತ್ತದೆ. 7400ಟಿ ಮೋಕಾ, ಅಂದರೆ ಅಡೆತಡೆಗಳಿಂದ ದೂರವಿರಿಸುವ ಕನಿಷ್ಠ ಎತ್ತರ. ಜೆಪ್ಪೆಸನ್ ಚಾರ್ಟಿನಲ್ಲಿ ಅಂಕಿಯ ಕೊನೆಗೆ ಟಿ, ಅಮೆರಿಕದ ಸರ್ಕಾರಿ ಚಾರ್ಟಿನಲ್ಲಿ ಅಂಕಿಗೂ ಮೊದಲು ನಕ್ಷತ್ರ. ಇದರಲ್ಲಿ ಅಡೆತಡೆಗಳಿಂದ ರಕ್ಷಣೆ ಪೂರ್ತಿ ಇದೆ. ಸಿಗ್ನಲ್ ಖಾತ್ರಿ ಮಾತ್ರ, ಅಮೆರಿಕದ ನಿಯಮದಂತೆ, ವಿಒಆರ್‌ನಿಂದ 22 ಮೈಲಿಯೊಳಗೆ. ಎರಡೂ ತುದಿಯಿಂದ 22 ಕಳೆಯಿರಿ, ನಡುವೆ 20 ಮೈಲಿ ಉಳಿಯುತ್ತದೆ. ರೆಕ್ಕೆ ಮೇಲೆ ಮಂಜುಗಡ್ಡೆ ಕಟ್ಟುತ್ತಿದೆಯೆಂದು ಜಿಪಿಎಸ್ ಇಲ್ಲದ ವಿಮಾನದಲ್ಲಿ 7400ಕ್ಕೆ ಇಳಿದರೆ, ಸೂಜಿ ಅಲುಗಾಡಿ, ಸಿಗ್ನಲ್ ಇಲ್ಲವೆನ್ನುವ ಫ್ಲ್ಯಾಗ್ ಬೀಳಬಹುದಾದ ಜಾಗ ಅದೇ.

ಮುಂದಿನ ಸೆಗ್ಮೆಂಟಿನ ಎಂಇಎ 12000 ಆಗಿದ್ದರೆ ಸಾಮಾನ್ಯವಾಗಿ ಫಿಕ್ಸ್ (ಎರಡು ಸೆಗ್ಮೆಂಟ್ ಕೂಡುವ ಬಿಂದು) ದಾಟಿದ ಮೇಲೆ ಏರಲು ಶುರು ಮಾಡಿದರೆ ಸಾಕು. ಅಲ್ಲೇ ಎಂಸಿಎ (ಫಿಕ್ಸ್ ದಾಟುವಾಗ ಇರಬೇಕಾದ ಕನಿಷ್ಠ ಎತ್ತರ) 10500 ಅಂತ ಬರೆದಿದ್ದರೆ ಲೆಕ್ಕ ಬದಲು: ಫಿಕ್ಸ್ ಮೇಲೆ ಬರುವಾಗಲೇ 10500 ಅಡಿ ಆಗಿರಬೇಕು. ನಿಮಿಷಕ್ಕೆ 500 ಅಡಿ ಏರುವ ವಿಮಾನಕ್ಕೆ 9000ದಿಂದ ಆ 1500 ಅಡಿಗೆ ಮೂರು ನಿಮಿಷ ಬೇಕು. ನೆಲವೇಗ 120 ನಾಟ್ ಇದ್ದರೆ ಅದು 6 ಮೈಲಿ. ನಾನು 10 ಮೈಲಿ ಮೊದಲೇ ಏರಲು ಕೇಳಿಕೊಳ್ಳುತ್ತೇನೆ, ಕಂಟ್ರೋಲರ್ ಒಪ್ಪಿಗೆ ಕೊಡುವುದಕ್ಕೂ ಹೊತ್ತು ಹಿಡಿಯುತ್ತದೆ. ಎಂಸಿಎ ಯಾವ ದಿಕ್ಕಿಗೆ ಅನ್ವಯ ಅನ್ನುವುದನ್ನೂ ಪಕ್ಕದಲ್ಲೇ ಬರೆದಿರುತ್ತಾರೆ, ಬಿಡದೆ ಓದಿ.

ಒಂದು ವಿಒಆರ್‌ನಿಂದ 074 ರೇಡಿಯಲ್ (ವಿಒಆರ್‌ನಿಂದ ಹೊರಡುವ ದಿಕ್ಕಿನ ಗೆರೆ, ಡಿಗ್ರಿಯಲ್ಲಿ) ಮೇಲೆ ಹೊರಟರೆ ಆಚೆ ತುದಿಯಲ್ಲಿ ಅದರ ನೇರ ವಿರುದ್ಧದ 254 ಇರಬೇಕಲ್ಲ, 256 ಯಾಕೆ ಎಂದು ಹೊಸಬರು ಕೇಳುತ್ತಾರೆ. ಅಚ್ಚಿನ ತಪ್ಪಲ್ಲ. ರೇಖಾಂಶಗಳು ಧ್ರುವದ ಕಡೆಗೆ ಕೂಡುತ್ತಾ ಹೋಗುತ್ತವೆ. ಜೊತೆಗೆ ಪ್ರತಿ ವಿಒಆರ್ ತನ್ನನ್ನು ಹೊಂದಿಸಿದ ಕಾಲದ ಕಾಂತೀಯ ಉತ್ತರವನ್ನೇ ಹಿಡಿದಿರುತ್ತದೆ. ಎಫ್‌ಎಂಎಸ್ ತೋರಿಸುವ ಟ್ರ್ಯಾಕ್ ಚಾರ್ಟಿಗಿಂತ ಒಂದೆರಡು ಡಿಗ್ರಿ ಬೇರೆಯಾಗುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ. ಒಂದು ವಿಒಆರ್ ಬಿಟ್ಟು ಇನ್ನೊಂದನ್ನು ಹಿಡಿಯುವ ಜಾಗ ಚಾರ್ಟಿನಲ್ಲಿ ಗುರುತಾಗಿಲ್ಲದಿದ್ದರೆ ನೇರ ಮಾರ್ಗದಲ್ಲಿ ಅರ್ಧ ದೂರ, ತಿರುವಿದ್ದರೆ ತಿರುವಿನಲ್ಲೇ.

ಮಾರ್ಗ ಬಿಟ್ಟು ನೇರ ಹೋಗಲು ಅನುಮತಿ ಸಿಕ್ಕಿದ ಗಳಿಗೆಯಲ್ಲೇ ಎಂಇಎ ಕೆಲಸಕ್ಕೆ ಬಾರದು. ಆಗ ನೋಡುವುದು ಗ್ರಿಡ್ ಮೋರಾ, ಅಂದರೆ ಚಾರ್ಟಿನ ಆ ಚೌಕದೊಳಗೆ ಎಲ್ಲಿದ್ದರೂ ಅಡೆತಡೆ ತಾಗದ ಕನಿಷ್ಠ ಎತ್ತರ: ಚೌಕದೊಳಗೆ ದೊಡ್ಡ 13, ಪಕ್ಕದಲ್ಲಿ ಚಿಕ್ಕ 6 ಅಂದರೆ 13,600 ಅಡಿ. ಕ್ಯಾಬಿನ್ ಒತ್ತಡ ಹೋದರೆ ಎಲ್ಲರ ಕೈಯೂ ಮುಖವಾಡವಿಲ್ಲದೆ ಉಸಿರಾಡಬಹುದಾದ 10,000 ಅಡಿಗೆ ತಿರುಗುತ್ತದೆ. ಈ ಚೌಕದಲ್ಲಿ 13,600ಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಹಾಗಾಗಿ ಎತ್ತರದ ಚೌಕಗಳನ್ನು ಹಾರುವ ಮೊದಲೇ ಗುರುತು ಹಾಕಿಕೊಂಡು, ಅವುಗಳಿಂದ ಹೊರಬೀಳುವ ದಿಕ್ಕು ಮತ್ತು ನಿಮಿಷ ಬರೆದಿಡುತ್ತೇನೆ. ಆ ನಿಮಿಷಗಳನ್ನು ಪ್ರಯಾಣಿಕರ ಆಮ್ಲಜನಕ ಎಷ್ಟು ಹೊತ್ತು ಬರುತ್ತದೆ ಅನ್ನುವುದರ ಜೊತೆ ಹೋಲಿಸಿ ನೋಡದಿದ್ದರೆ ಬರೆದೂ ಪ್ರಯೋಜನವಿಲ್ಲ.

ಈ ಎತ್ತರಗಳಲ್ಲಿ ಚಳಿಗೆ ತಿದ್ದುಪಡಿ ಸೇರಿರುವುದಿಲ್ಲ. ಐಎಸ್‌ಎಗಿಂತ (ಮಾದರಿ ವಾತಾವರಣದ ಉಷ್ಣತೆಗಿಂತ) 10 ಡಿಗ್ರಿ ತಣ್ಣಗಿದ್ದರೆ, ಕ್ಯೂಎನ್‌ಎಚ್ (ಎತ್ತರಮಾಪಕಕ್ಕೆ ಹಾಕುವ ಒತ್ತಡ) ಕೊಟ್ಟ ನಿಲ್ದಾಣದಿಂದ ಮೇಲಿನ ಎತ್ತರದ ಶೇ 4ರಷ್ಟು, ಎತ್ತರಮಾಪಕ ತೋರಿಸುವುದಕ್ಕಿಂತ ಕೆಳಗಿರುತ್ತೀರಿ. 20 ಡಿಗ್ರಿ ತಣ್ಣಗಿದ್ದು ನಿಲ್ದಾಣದಿಂದ 10,000 ಅಡಿ ಮೇಲಿದ್ದರೆ 800 ಅಡಿ ಹೋಯಿತು. ಬೆಟ್ಟದ ನಾಡಿನಲ್ಲಿ ಕೊಟ್ಟಿರುವ 2000 ಅಡಿ ಅಂತರದಲ್ಲಿ ಅದು ದೊಡ್ಡ ಪಾಲು.

ಟ್ಯಾಬ್ಲೆಟ್‌ನಲ್ಲಿ ಓದುವವರಿಗೆ ಇನ್ನೊಂದು ಮಾತು. ಝೂಮ್ ಔಟ್ ಮಾಡಿದಂತೆ ಆ್ಯಪ್ ತಾನಾಗಿಯೇ ಅಕ್ಷರಗಳನ್ನು ಅಡಗಿಸುತ್ತದೆ. ಅಂಕಿ ಕಾಣಲಿಲ್ಲವೆಂದರೆ ನಿರ್ಬಂಧ ಇಲ್ಲವೆಂದಲ್ಲ. ಇಡೀ ಮಾರ್ಗವನ್ನು ಒಮ್ಮೆ ಹತ್ತಿರದ ಝೂಮ್‌ನಲ್ಲಿ ಸರಿಸುತ್ತಾ ಹೋಗಿ, ಎಂಸಿಎ, ಏಕಮುಖ ಬಾಣ, ನಿರ್ಬಂಧಿತ ವಲಯದ ಸಮಯ, ಎಫ್‌ಐಆರ್ (ಒಂದು ವಾಯುಸಂಚಾರ ಮಾಹಿತಿ ಪ್ರದೇಶ) ಗಡಿಯಾಚೆಯ ಫ್ರೀಕ್ವೆನ್ಸಿ ಇವಿಷ್ಟನ್ನು ಫ್ಲೈಟ್ ಪ್ಲಾನ್ ಹಾಳೆಗೆ ಎತ್ತಿಕೊಳ್ಳಿ.