ಟೊಲೇಡೊ ಸುತ್ತುವುದು ಹೇಗೆ? ಕ್ಯಾಥೆಡ್ರಲ್ ಆಮೇಲಿರಲಿ

ಊರಿಂದ ಯಾರೇ ಮ್ಯಾಡ್ರಿಡ್‌ಗೆ ಬಂದರೂ ಟೊಲೇಡೊ ತೋರಿಸುವ ಕೆಲಸ ನನ್ನ ತಲೆಗೇ ಬರುತ್ತದೆ. ಬಂದವರೆಲ್ಲ ಮೊದಲು ಕ್ಯಾಥೆಡ್ರಲ್ ಅಂತಾರೆ. ಅದನ್ನು ಮೊದಲು ನೋಡಿದರೆ ಕಣ್ಣು ದಣಿದು, ಮಿಕ್ಕ ಕಟ್ಟಡಗಳು ಸಣ್ಣವಾಗಿ ಕಾಣುತ್ತವೆ. ಈ ಊರಿನ ಸ್ವಾರಸ್ಯ ಇರುವುದೇ ಆ ಸಣ್ಣವುಗಳಲ್ಲಿ.

ಮ್ಯಾಡ್ರಿಡ್‌ನ ಆತೋಚಾ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಅರ್ಧ ಗಂಟೆ. ಶನಿವಾರ, ಭಾನುವಾರ ಹೋಗುವುದಾದರೆ ಸೀಟು ಮೊದಲೇ ಬುಕ್ ಮಾಡಿ. ಸೋಮವಾರ ಹೋಗಬೇಡಿ, ಎಲ್ ಟ್ರಾನ್ಸಿಟೊ ಎಂಬ ಹಳೆಯ ಯಹೂದಿ ಪ್ರಾರ್ಥನಾಮಂದಿರ ಮುಚ್ಚಿರುತ್ತದೆ. ಊರು ಗುಡ್ಡದ ಮೇಲಿದೆ, ಮೂರು ಕಡೆ ತಾಹೊ ನದಿ. ಗಟ್ಟಿಮುಟ್ಟಾದವರು ಅಲ್ಕಾಂತರಾ ಸೇತುವೆ ದಾಟಿ ಹತ್ತಲಿ. ಮಂಡಿನೋವಿನವರು ಸಫೋಂತ್ ಬಳಿಯ ಎಸ್ಕಲೇಟರ್ ಹಿಡಿಯಲಿ. ಗಾಲಿ ಸೂಟ್‌ಕೇಸ್ ಮಾತ್ರ ದಯವಿಟ್ಟು ತರಬೇಡಿ, ದಾರಿಯೆಲ್ಲ ಉರುಟುಗಲ್ಲು.

ಮೊದಲು ಕ್ರಿಸ್ಟೊ ದೆ ಲಾ ಲುಸ್‌ಗೆ ಹೋಗಿ. 999ರ ಸುಮಾರಿಗೆ ಕಟ್ಟಿದ ಮಸೀದಿ, ನಮ್ಮ ಮನೆಯ ಹಾಲ್‌ಗಿಂತ ತುಸು ದೊಡ್ಡದು ಅಷ್ಟೇ. ಒಳಗೆ ನುಗ್ಗುವ ಮೊದಲು ಎದುರು ಗೋಡೆಯ ಮೇಲ್ಭಾಗ ನೋಡಿ: ಇಟ್ಟಿಗೆಗಳನ್ನೇ ಜೋಡಿಸಿ ಅರಬ್ಬಿಯಲ್ಲಿ ಶಾಸನ ಬರೆದಿದ್ದಾರೆ. ಒಳಗೆ ಕತ್ತೆತ್ತಿದರೆ ಒಂಬತ್ತು ಪುಟ್ಟ ಕಮಾನುಚಾವಣಿಗಳು, ಒಂದರಂತೆ ಇನ್ನೊಂದಿಲ್ಲ. ಕೆಳಗಿನ ಕಂಬಗಳ ಬೋದಿಗೆಗಳು ಅದಕ್ಕೂ ಹಿಂದಿನವು, ಮುಸ್ಲಿಮರಿಗಿಂತ ಮೊದಲು ಇಲ್ಲಿ ಆಳಿದ ವಿಸಿಗೋಥರ ಕಾಲದವು. 1085ರಲ್ಲಿ ಕ್ರೈಸ್ತ ದೊರೆ ಆರನೇ ಅಲ್ಫೋನ್ಸೊ ಊರು ಗೆದ್ದ, ಮುಂದಿನ ಶತಮಾನದಲ್ಲಿ ಹಿಂಬದಿಗೆ ಚರ್ಚಿನ ಭಾಗ ಸೇರಿತು. ಅದನ್ನೂ ಇಟ್ಟಿಗೆಯಲ್ಲಿ, ಅದೇ ಶೈಲಿಯಲ್ಲೇ ಕಟ್ಟಿದರು. ಬೆಸುಗೆ ಎಲ್ಲಿದೆ ಎಂದು ಹುಡುಕಲು ಮಕ್ಕಳಿಗೆ ಹೇಳಿ, ಅರ್ಧ ಗಂಟೆ ಆರಾಮ.

(ನಮ್ಮವರಿಗೆ ಇಲ್ಲೇ ಒಂದು ಮಾತು ಹೇಳುತ್ತೇನೆ. 11ನೇ ಶತಮಾನದಲ್ಲಿ ಇದೇ ಊರಿನ ಖಾಜಿ ಸಾಇದ್ ಅಲ್ ಅಂದಲುಸಿ, ವಿದ್ಯೆ ಬೆಳೆಸಿದ ಜನಾಂಗಗಳ ಬಗ್ಗೆ ಬರೆಯುವಾಗ ಭಾರತೀಯರನ್ನೇ ಮೊದಲು ಹೆಸರಿಸಿದ.)

ಟಿಕೆಟ್ ಇಲ್ಲೇ ಕೊಳ್ಳಿ. ಕೈಗೆ ಕಟ್ಟುವ ಪಟ್ಟಿ ಕೊಡುತ್ತಾರೆ, ಏಳು ಕಡೆ ನಡೆಯುತ್ತದೆ. ಕ್ಯಾಥೆಡ್ರಲ್, ಎಲ್ ಟ್ರಾನ್ಸಿಟೊಗೆ ಬೇರೆ ಟಿಕೆಟ್.

ಮುಂದೆ ಪಶ್ಚಿಮದ ಯಹೂದಿ ಕೇರಿ. ಸಾಂತಾ ಮರಿಯಾ ಲಾ ಬ್ಲಾಂಕಾ ನೋಡಲು ಮಸೀದಿ, ಹೆಸರಿಗೆ ಚರ್ಚು, ಕಟ್ಟಿದ್ದು ಯಹೂದಿಗಳಿಗಾಗಿ. ಬಿಳಿ ಕಂಬ, ಲಾಳದಾಕಾರದ ಕಮಾನು. ಎಲ್ ಟ್ರಾನ್ಸಿಟೊ ಕಟ್ಟಿಸಿದವನು ಕ್ಯಾಸ್ಟೀಲ್ ರಾಜ್ಯದ ದೊರೆ ಪೇದ್ರೊನ ಖಜಾಂಚಿ ಸಾಮುಯೆಲ್ ಲೆವಿ. ಅವನ ಗಾರೆಗೋಡೆಯಲ್ಲಿ ಹೀಬ್ರೂ, ಅರಬ್ಬಿ ಅಕ್ಷರಗಳ ನಡುವೆ ಕ್ಯಾಸ್ಟೀಲ್ ರಾಜಲಾಂಛನ. ಅಷ್ಟು ನಿಷ್ಠೆ ತೋರಿಸಿದವನನ್ನು ಕೊನೆಗೆ ಆ ದೊರೆಯೇ ಸೆರೆಗೆ ಹಾಕಿಸಿದ. 1492ರಲ್ಲಿ ಯಹೂದಿಗಳನ್ನೇ ದೇಶದಿಂದ ಓಡಿಸಿದರು. ಗೈಡುಗಳು ‘ಮೂರು ಸಂಸ್ಕೃತಿಗಳ ಸೌಹಾರ್ದ’ ಅಂತ ರಾಗ ಎಳೆಯುವಾಗ ಇದು ನೆನಪಿರಲಿ.

ಸಾಂತೊ ತೊಮೆ ಚರ್ಚಿನಲ್ಲಿ ಚಿತ್ರಕಾರ ಎಲ್ ಗ್ರೆಕೊನ ದೊಡ್ಡ ಚಿತ್ರವಿದೆ. ಎಡಮೂಲೆಯ ಹುಡುಗ ಕಲಾವಿದನ ಮಗ. ಅವನ ಜೇಬಿನ ಕರವಸ್ತ್ರದ ಮೇಲೆ ಅಪ್ಪನ ಸಹಿ ಇದೆ.

ಊಟಕ್ಕೆ ಸಸ್ಯಾಹಾರಿಗಳು ಪಿಸ್ತೊ ಕೇಳಿ: ಟೊಮೆಟೊ, ದಪ್ಪಮೆಣಸಿನಕಾಯಿ ಬೇಯಿಸಿದ ಪಲ್ಯ. ಮೇಲೆ ಮೊಟ್ಟೆ ಇಡುವ ರೂಢಿ, ಬೇಡವೆಂದರೆ ‘ಸಿನ್ ಉಎವೊ’ ಎನ್ನಿ. ಕಾರ್ಕಮೂಸಾಸ್ ಎಂದರೆ ಹಂದಿಮಾಂಸದ ಅಡುಗೆ.

ಆಮೇಲೆ ಕ್ಯಾಥೆಡ್ರಲ್. 1226ರಲ್ಲಿ ಶುರುವಾದದ್ದು. ಪ್ರಧಾನ ಪೀಠದ ಹಿಂದೆ ಚಾವಣಿ ಕೊರೆದು ಬೆಳಕು ಬೀಳಿಸಿರುವ ಟ್ರಾನ್ಸ್‌ಪರೆಂತೆ ಎಂಬ ಕೆತ್ತನೆಯ ಪೀಠ ತಪ್ಪಿಸಬೇಡಿ. ಮೋಡ ಕವಿದಿದ್ದರೆ ಅದರ ಹೊಳಪು ಕಾಣದು.

ಸಮಯ ಉಳಿದರೆ ಟ್ಯಾಕ್ಸಿ ಮಾಡಿಕೊಂಡು ನದಿಯಾಚೆಯಿಂದ ಊರು ನೋಡುವ ಜಾಗ ಮಿರಾದೋರ್ ದೆಲ್ ವಾಯೆಗೆ ಹೋಗಿ. ಬಾದಾಮಿಯ ಮಾಸಪಾನ್ ಮಿಠಾಯಿಯನ್ನು ಅದಕ್ಕೂ ಮೊದಲೇ ಕೊಂಡಿಟ್ಟುಕೊಳ್ಳಿ. ಕೆಲವದಕ್ಕೆ ಮೊಟ್ಟೆ ಹಾಕಿರುತ್ತಾರೆ, ವಿಚಾರಿಸಿ.