ಸಂಕೀರ್ಣ ಸಂಘಟನೆಗಳ ಸಮಾಜಶಾಸ್ತ್ರ: ಆನ್‌ಲೈನ್ ಕೋರ್ಸ್‌ನಲ್ಲಿ ಓದುವುದು ಹೇಗೆ

ಕೋರ್ಸ್ ಶುರುವಾಗುವ ಮೊದಲೇ ಒಂದು ಕೆಲಸ ಮಾಡಿ. ನಿಮಗೆ ಒಳಗಿನಿಂದ ಗೊತ್ತಿರುವ ಒಂದು ಸಂಸ್ಥೆಯನ್ನು ಆರಿಸಿಕೊಳ್ಳಿ. ನೀವು ದುಡಿದ ಆಫೀಸ್, ಓದಿದ ಶಾಲೆ, ತಿಂಗಳುಗಟ್ಟಲೆ ಓಡಾಡಿದ ಆಸ್ಪತ್ರೆ, ಸದಸ್ಯರಾಗಿದ್ದ ಸಂಘ, ಯಾವುದಾದರೂ ಸರಿ. ದೊಡ್ಡ ಹೆಸರಿನ ಕಂಪನಿ ಬೇಡ, ಸುದ್ದಿಯಲ್ಲಿ ಓದಿ ತಿಳಿದದ್ದು ಇಲ್ಲಿ ಹೆಚ್ಚು ದೂರ ಬರುವುದಿಲ್ಲ. ಯಾರು ಯಾರ ಮಾತು ಕೇಳುತ್ತಾರೆ, ಯಾವ ನಿಯಮ ಗೋಡೆ ಮೇಲೆ ಮಾತ್ರ ಇದೆ, ಯಾರು ರಜೆ ಹಾಕಿದರೆ ಎಲ್ಲರ ಕೆಲಸವೂ ನಿಂತುಹೋಗುತ್ತದೆ, ಇಂಥದ್ದು ಗೊತ್ತಿರಬೇಕು. ಅದರ ಬಗ್ಗೆ ಒಂದು ಪುಟ ಬರೆದಿಡಿ. ಯಾವ ಥಿಯರಿಯನ್ನೂ ಓದದೆ, ಗೆಳೆಯರಿಗೆ ಹೇಳುವ ಹಾಗೆ. ಮುಂದೆ ಪ್ರತಿ ವಾರ ಬರುವ ಪಾಠವನ್ನು ಈ ಪುಟದ ಪಕ್ಕದಲ್ಲಿಟ್ಟುಕೊಂಡು ಓದಬೇಕು.

ನಾನು ಹೀಗೆ ಮಾಡಲಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಮೊದಲ ನಾಲ್ಕು ವಾರ ಹೆಸರು, ಇಸವಿ, ವ್ಯಾಖ್ಯೆ ಎಲ್ಲ ಉರು ಹೊಡೆದೆ. ಅಧಿಕಾರಶಾಹಿಗೆ, ಅಂದರೆ ದರ್ಜೆ ಮತ್ತು ನಿಯಮದ ಮೇಲೆ ನಡೆಯುವ ಆಡಳಿತಕ್ಕೆ, ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಹೇಳಿದ ಲಕ್ಷಣಗಳನ್ನು ಆರು ಪಾಯಿಂಟ್ ಮಾಡಿ ಬರೆದೆ, ಅಂಕವೂ ಬಂತು. ಆಮೇಲೆ ವೀಡಿಯೊ ಕರೆಯಲ್ಲಿ ಮೇಡಂ ಒಂದೇ ಪ್ರಶ್ನೆ ಕೇಳಿದರು: "ಈ ಆರರಲ್ಲಿ ನೀವು ಕೆಲಸ ಮಾಡುವ ಕಡೆ ಯಾವುದು ಸುಳ್ಳು?" ನಾನು ನೆಟ್ ಸರಿಯಿಲ್ಲದವನ ಹಾಗೆ ಸುಮ್ನೆ ಕೂತೆ.

ಮೊದಲು ಹೆಸರನ್ನು ಬಿಡಿಸಿಕೊಳ್ಳೋಣ. ಸಂಕೀರ್ಣ ಅಂದರೆ ದೊಡ್ಡದು ಅಂತ ಅಲ್ಲ. ಒಂದು ಗುರಿ ಅಂತ ಹೇಳಿಕೊಂಡು, ಕೆಲಸ ಹಂಚಿಕೊಂಡು, ಮೇಲಿನವರು ಕೆಳಗಿನವರು ಅಂತ ದರ್ಜೆ ಮಾಡಿಕೊಂಡು, ನಿಯಮ ಬರೆದಿಟ್ಟುಕೊಂಡು ನಡೆಯುವ ಯಾವುದೇ ವ್ಯವಸ್ಥೆ ಈ ಕೋರ್ಸಿನೊಳಗೆ ಬರುತ್ತದೆ. ಜೈಲೂ ಬರುತ್ತದೆ, ಕಾರ್ಖಾನೆಯೂ ಬರುತ್ತದೆ, ಧಾರ್ಮಿಕ ಸಂಸ್ಥೆಯೂ ಬರುತ್ತದೆ. ಈ ಮೂರನ್ನು ಸುಮ್ಮನೆ ಹೇಳಲಿಲ್ಲ. ಸಮಾಜಶಾಸ್ತ್ರಜ್ಞ ಅಮಿತಾಯ್ ಎಟ್ಜಿಯೋನಿ 1961ರಲ್ಲಿ ಕೇಳಿದ ಪ್ರಶ್ನೆ ಇದು: ಕೆಳಗಿರುವವರು ಮೇಲಿನವರ ಮಾತು ಯಾಕೆ ಕೇಳುತ್ತಾರೆ? ಒಂದು ಕಡೆ ಬಲವಂತಕ್ಕೆ, ಒಂದು ಕಡೆ ಸಂಬಳಕ್ಕೆ, ಇನ್ನೊಂದು ಕಡೆ ನಂಬಿಕೆಗೆ. ಮೊದಲ ವಾರಕ್ಕೆ ಇಷ್ಟು ಸಾಕು. ನಿಮ್ಮ ಪುಟ ತೆಗೆದು, ಅಲ್ಲಿ ಈ ಮೂರರಲ್ಲಿ ಯಾವುದು ಎಷ್ಟು ಕಲಸಿಕೊಂಡಿದೆ ಅಂತ ನೋಡಿ. ಸಾಮಾನ್ಯವಾಗಿ ಮೂರೂ ಇರುತ್ತವೆ. ಸಂಬಳ ಕಡಿಮೆ ಇದ್ದ ಕಡೆ "ನಾವೆಲ್ಲ ಒಂದೇ ಕುಟುಂಬ" ಅನ್ನುವ ಮಾತು ಜಾಸ್ತಿ ಕೇಳಿಬರುತ್ತದೆ ಅನ್ನೋದು ನನ್ನ ಸ್ವಂತ ಅನುಮಾನ.

ಇನ್ನು ಸಿಲಬಸ್. ನೋಡಿದರೆ ಹತ್ತಿಪ್ಪತ್ತು ಹೆಸರುಗಳು ಸಾಲಾಗಿ ನಿಂತಿರುತ್ತವೆ, ಗಾಬರಿಯಾಗುತ್ತದೆ. ರಿಚರ್ಡ್ ಸ್ಕಾಟ್ ಮಾಡಿದ ವಿಂಗಡಣೆ ಹಿಡಿದರೆ ಅದು ಮೂರು ಗುಂಪಾಗಿ ಬೀಳುತ್ತದೆ. ಸಂಸ್ಥೆಯನ್ನು ಯಂತ್ರದ ಹಾಗೆ ನೋಡುವವರು. ಅದರೊಳಗಿನ ಜನರನ್ನು ನೋಡುವವರು. ಅದರ ಸುತ್ತಲಿನ ಲೋಕವನ್ನು ನೋಡುವವರು. ಹೊಸ ಹೆಸರು ಬಂದಾಗಲೆಲ್ಲ ಇವರು ಯಾವ ಗುಂಪು ಅಂತ ಕೇಳಿಕೊಳ್ಳಿ. ಕೆಲವರು ಎರಡು ಕಡೆ ಕಾಲಿಟ್ಟಿರುತ್ತಾರೆ, ಪರವಾಗಿಲ್ಲ.

ಯಂತ್ರದ ಗುಂಪಿನಲ್ಲಿ ಅಮೆರಿಕದ ಎಂಜಿನಿಯರ್ ಫ್ರೆಡ್ರಿಕ್ ಟೇಲರ್ ಸುಲಭ. 1911ರಲ್ಲಿ ಅವರು ಹೇಳಿದ್ದು, ಪ್ರತಿ ಕೆಲಸವನ್ನೂ ಅಳೆದು, ಮಾಡುವುದಕ್ಕೆ ಇರುವ ಒಂದೇ ಉತ್ತಮ ದಾರಿ ಕಂಡುಹಿಡಿಯಿರಿ ಅಂತ. ತೊಂದರೆ ಆಗುವುದು ವೆಬರ್ ಹತ್ತಿರ, ಅದೂ ಕನ್ನಡದಲ್ಲಿ ಯೋಚಿಸುವವರಿಗೆ ಸ್ವಲ್ಪ ಜಾಸ್ತಿ. ಅವರ ಅಧಿಕಾರಶಾಹಿಯ ಚಿತ್ರವನ್ನು ನಾವು 'ಆದರ್ಶ ಮಾದರಿ' ಅನ್ನುತ್ತೇವೆ. ಆದರ್ಶ ಅಂದ ಕೂಡಲೇ 'ಎಲ್ಲರೂ ಹೀಗಿರಬೇಕು' ಅನ್ನುವ ಅರ್ಥ ಬಂದು ಕೂತುಬಿಡುತ್ತದೆ. ವೆಬರ್ ಹಾಗೆ ಹೇಳಿಲ್ಲ. ಅದು ಬರೀ ಅಳತೆಗೋಲು. ನಿಜವಾದ ಆಫೀಸನ್ನು ಪಕ್ಕದಲ್ಲಿ ನಿಲ್ಲಿಸಿ, ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಅಂತ ನೋಡುವುದಕ್ಕೆ ಮಾಡಿಕೊಂಡದ್ದು. ಅಧಿಕಾರಶಾಹಿ ಕೆಲಸ ಚೆನ್ನಾಗಿ ಮಾಡುತ್ತದೆ ಅಂತ ಒಪ್ಪಿಕೊಂಡೇ, ಅದು ಮನುಷ್ಯರನ್ನು ಪಂಜರಕ್ಕೆ ಹಾಕುತ್ತದೆ ಅಂತ ಚಿಂತೆಪಟ್ಟವರು ಅವರು. ಅವರು ಹೇಳುವ ಲಕ್ಷಣಗಳಲ್ಲಿ 'ವ್ಯಕ್ತಿನಿರಪೇಕ್ಷತೆ' ಅಂತ ಒಂದಿದೆ, ಓದಿದರೆ ನಾಲಿಗೆ ತೊಡರುತ್ತದೆ. ಮುಖ ನೋಡಿ ಮಣೆ ಹಾಕಬಾರದು ಅಂತೀವಲ್ಲ, ಅಷ್ಟೇ ಅದು.

ಎರಡನೇ ಗುಂಪಿಗೆ ಬಂದಾಗ ಹಾಥಾರ್ನ್ ಪ್ರಯೋಗ ಬಂದೇ ಬರುತ್ತದೆ. ಶಿಕಾಗೋ ಹತ್ತಿರ ಇದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ನಡೆದದ್ದು. ಬೆಳಕು ಜಾಸ್ತಿ ಮಾಡಿದರೂ ಕಡಿಮೆ ಮಾಡಿದರೂ ಕೆಲಸ ಹೆಚ್ಚಾಯಿತು, ಯಾಕಂದರೆ ತಮ್ಮನ್ನು ಯಾರೋ ಗಮನಿಸುತ್ತಿದ್ದಾರೆ ಅಂತ ಕೆಲಸಗಾರರಿಗೆ ಗೊತ್ತಿತ್ತು, ಈ ಕಥೆಯನ್ನು ಎಲ್ಲರೂ ಬರೆಯುತ್ತಾರೆ. ನೀವು ಅಲ್ಲಿಗೇ ನಿಲ್ಲಿಸಬೇಡಿ, ಆ ತೀರ್ಮಾನವನ್ನು ಆಮೇಲೆ ಬಹಳ ಜನ ಪ್ರಶ್ನಿಸಿದ್ದಾರೆ. ಅದೇ ಕಾರ್ಖಾನೆಯ ಇನ್ನೊಂದು ಕೋಣೆಯ ಕಥೆ ನನಗೆ ಹೆಚ್ಚು ಇಷ್ಟ. ಅಲ್ಲಿ 14 ಜನ ತಂತಿ ಜೋಡಿಸುವ ಕೆಲಸ ಮಾಡುತ್ತಿದ್ದರು. ಜಾಸ್ತಿ ಮಾಡಿದರೆ ಜಾಸ್ತಿ ದುಡ್ಡು. ಆದರೂ ದಿನಕ್ಕೆ ಇಷ್ಟೇ ಅಂತ ತಮ್ಮತಮ್ಮೊಳಗೇ ಗೆರೆ ಹಾಕಿಕೊಂಡಿದ್ದರು. ಯಾವನಾದರೂ ಗೆರೆ ದಾಟಿದರೆ ಪಕ್ಕದವನು ಬಂದು ತೋಳಿಗೆ ಒಂದು ಗುದ್ದು ಕೊಡುತ್ತಿದ್ದ. ಯಾವ ನಿಯಮ ಪುಸ್ತಕದಲ್ಲೂ ಇಲ್ಲದ ಆ ಗುದ್ದು, ಬರೆದಿಟ್ಟ ಸಂಬಳ ಪದ್ಧತಿಗಿಂತ ಗಟ್ಟಿಯಾಗಿತ್ತು. ನಿಮ್ಮ ಸಂಸ್ಥೆಯಲ್ಲಿ ಆ ಗುದ್ದಿನ ಜಾಗದಲ್ಲಿ ಏನಿದೆ? ಗೇಲಿ ಇರಬಹುದು, ಮಾತು ಬಿಡುವುದಿರಬಹುದು. ಹುಡುಕಿ ಬರೆಯಿರಿ.

ಇಡೀ ಕೋರ್ಸಿನಲ್ಲಿ ಒಂದೇ ಅಧ್ಯಯನವನ್ನು ನಿಧಾನವಾಗಿ ಓದಲು ಸಮಯವಿದೆ ಅಂದರೆ ನಾನು ಆಲ್ವಿನ್ ಗೌಲ್ಡ್ನರ್ ಅವರದ್ದನ್ನು ಹೇಳುತ್ತೇನೆ. ಜಿಪ್ಸಂ ಗಣಿ ಮತ್ತು ಕಾರ್ಖಾನೆ ನೋಡಿ ಬರೆದದ್ದು, 1954. ನಿಯಮಗಳು ಎಲ್ಲ ಒಂದೇ ಥರ ಅಲ್ಲ ಅಂತ ಅವರು ತೋರಿಸಿದರು. ಅಲ್ಲಿ ಬೀಡಿ ಸಿಗರೇಟು ಸೇದಬಾರದು ಅಂತ ನಿಯಮವಿತ್ತು, ಆದರೆ ಅದು ವಿಮಾ ಕಂಪನಿಯಿಂದ ಬಂದದ್ದು, ಹಾಗಾಗಿ ಕೆಲಸಗಾರರಿಗೂ ಬೇಕಿರಲಿಲ್ಲ, ಮ್ಯಾನೇಜರಿಗೂ ಬೇಕಿರಲಿಲ್ಲ, ಇನ್‌ಸ್ಪೆಕ್ಟರ್ ಬಂದ ದಿನ ಮಾತ್ರ ಎಲ್ಲರೂ ಸಾಚಾಗಳು. ಇದು ತೋರಿಕೆಯ ನಿಯಮ. ಸುರಕ್ಷತೆಯ ನಿಯಮ ಹಾಗಲ್ಲ, ಅದು ಎರಡೂ ಕಡೆಯವರಿಗೂ ಬೇಕಿತ್ತು, ಇಬ್ಬರೂ ಸೇರಿ ನಡೆಸುತ್ತಿದ್ದರು. ಹೇಳದೆ ಕೇಳದೆ ರಜೆ ಹಾಕಬಾರದು ಅನ್ನುವುದು ಮೂರನೇ ಥರ. ಒಂದು ಕಡೆಯವರು ಹೇರಿದ್ದು, ಮುರಿದರೆ ಶಿಕ್ಷೆ. ಈಗ ಒಂದು ಹಾಳೆ ತೆಗೆದುಕೊಂಡು ನಿಮ್ಮ ಸಂಸ್ಥೆಯ ಹತ್ತು ನಿಯಮ ಬರೆದು ಈ ಮೂರು ಡಬ್ಬಿಗೆ ಹಾಕಿ. ಹತ್ತರಲ್ಲಿ ಎರಡಾದರೂ ಯಾವ ಡಬ್ಬಿಗೂ ಹೋಗದೆ ತಕರಾರು ಮಾಡುತ್ತವೆ. ನಿಮ್ಮ ಟರ್ಮ್ ಪೇಪರ್ ಹುಟ್ಟುವುದು ಆ ಎರಡರಿಂದಲೇ.

ಮಿಶೆಲ್ ಕ್ರೋಜಿಯೆ ನೋಡಿದ ಫ್ರಾನ್ಸಿನ ಸರ್ಕಾರಿ ತಂಬಾಕು ಕಾರ್ಖಾನೆಯನ್ನೂ ಬಿಡಬೇಡಿ. ಅಲ್ಲಿ ಎಲ್ಲದಕ್ಕೂ ನಿಯಮ. ಯಾರಿಗೂ ಯಾರ ಮೇಲೂ ಅಧಿಕಾರ ಚಲಾಯಿಸಲು ಆಗದಷ್ಟು. ಆದರೆ ಯಂತ್ರ ಯಾವಾಗ ಕೆಡುತ್ತದೆ ಅಂತ ಯಾವ ನಿಯಮವೂ ಹೇಳಲಾರದು, ಕೆಟ್ಟಾಗ ಸರಿಮಾಡುವುದು ರಿಪೇರಿಯವರಿಗೆ ಮಾತ್ರ ಗೊತ್ತಿತ್ತು. ದರ್ಜೆಯ ಪಟ್ಟಿಯಲ್ಲಿ ಎಲ್ಲೋ ಇದ್ದ ರಿಪೇರಿಯವರೇ ನಿಜವಾದ ಯಜಮಾನರಾಗಿಬಿಟ್ಟಿದ್ದರು.

ಮೂರನೇ ಗುಂಪು ಸ್ವಲ್ಪ ಕಗ್ಗಂಟು, ಆದರೆ ಎರಡು ಲೇಖನ ಅರ್ಥವಾದರೆ ಉಳಿದದ್ದು ಸಲೀಸು. ಜಾನ್ ಮೇಯರ್ ಮತ್ತು ಬ್ರಯಾನ್ ರೋವನ್ 1977ರಲ್ಲಿ ಹೇಳಿದ್ದು: ಸಂಸ್ಥೆಗಳು ಕಮಿಟಿ, ವರದಿ, ಇಲಾಖೆ ಎಲ್ಲ ಮಾಡಿಕೊಳ್ಳುವುದು ಕೆಲಸ ಚೆನ್ನಾಗಿ ಆಗಲಿ ಅಂತಲೇ ಅಲ್ಲ, ಹೊರಗಿನವರು ಒಪ್ಪಲಿ ಅಂತಲೂ. ಕಾಗದದ ಮೇಲಿನದಕ್ಕೂ ನಿಜವಾದ ಕೆಲಸಕ್ಕೂ ನಂಟು ಸಡಿಲವಾಗಿರುತ್ತದೆ. ಡಿಮಾಜಿಯೊ ಮತ್ತು ಪೊವೆಲ್ 1983ರಲ್ಲಿ ಮುಂದಿನ ಪ್ರಶ್ನೆ ಕೇಳಿದರು: ಸಂಸ್ಥೆಗಳೆಲ್ಲ ಯಾಕೆ ಒಂದೇ ಥರ ಕಾಣುತ್ತವೆ? ಕಾನೂನಿನ ಒತ್ತಡ ಒಂದು ಕಾರಣ, ಏನು ಮಾಡಬೇಕೋ ತೋಚದೆ ಇನ್ನೊಬ್ಬರನ್ನು ನಕಲು ಮಾಡುವುದು ಇನ್ನೊಂದು, ಒಂದೇ ಥರ ಓದಿ ಬಂದ ವೃತ್ತಿಪರರು ಎಲ್ಲ ಕಡೆ ತುಂಬಿಕೊಳ್ಳುವುದು ಮೂರನೆಯದು.

ಆನ್‌ಲೈನ್ ಓದುವವರಿಗೆ ಒಂದು ಅನುಕೂಲ ಇದೆ, ಇದನ್ನು ಯಾರೂ ಹೇಳುವುದಿಲ್ಲ. ನೀವು ಓದುತ್ತಿರುವ ಕೋರ್ಸೇ ಒಂದು ಸಂಘಟನೆ. ರಾತ್ರಿ 11:59ಕ್ಕೆ ಪೋರ್ಟಲ್ ಬಾಗಿಲು ಹಾಕುತ್ತದೆ, ನಿಮಗೆ ಜ್ವರವೋ ಕರೆಂಟ್ ಹೋಗಿದೆಯೋ ಅದಕ್ಕೆ ಬೇಕಿಲ್ಲ. ಇದು ವೆಬರ್ ಹೇಳಿದ ವ್ಯಕ್ತಿನಿರಪೇಕ್ಷತೆ, ಮನುಷ್ಯರೇ ಇಲ್ಲದ ರೂಪದಲ್ಲಿ. ವಾರಕ್ಕೆ ಒಂದು ಪೋಸ್ಟ್ ಬರೆಯಿರಿ, ಇಬ್ಬರಿಗೆ ಉತ್ತರ ಕೊಡಿ ಅಂತ ನಿಯಮವಿದ್ದರೆ, ಕೊನೆಯ ರಾತ್ರಿ ಎಲ್ಲರೂ "ನಿಮ್ಮ ಮಾತು ಒಪ್ಪುತ್ತೇನೆ, ಬಹಳ ಚೆನ್ನಾಗಿ ಬರೆದಿದ್ದೀರಿ" ಅಂತ ಬರೆದು ಲೆಕ್ಕ ಮುಗಿಸುತ್ತಾರೆ ಅಲ್ವಾ? ಚರ್ಚೆ ಆಗಲಿ ಅಂತ ಮಾಡಿದ ನಿಯಮ, ಈಗ ನಿಯಮ ಪಾಲಿಸುವುದೇ ಗುರಿ. ರಾಬರ್ಟ್ ಮರ್ಟನ್ 1940ರಲ್ಲಿ ಬರೆದ ಗುರಿ ಪಲ್ಲಟ ಇದೇ. ನೀವು ಮಾತ್ರ ವಾರದ ಮೊದಲಲ್ಲೇ ಬರೆಯಿರಿ. ಒಪ್ಪುತ್ತೇನೆ ಅನ್ನುವ ಬದಲು, ಈ ವಾದ ನನ್ನ ಸಂಸ್ಥೆಯಲ್ಲಿ ಎಲ್ಲಿ ಕೈಕೊಡುತ್ತದೆ ಅಂತ ಒಂದು ಪ್ರಸಂಗ ಕೊಟ್ಟು ಕೇಳಿ. ಒಬ್ಬರಾದರೂ ಬಂದು ಜಗಳ ಆಡುತ್ತಾರೆ. ನನಗೆ ಈ ವಿಷಯ ಅರ್ಧ ತಿಳಿದದ್ದು ಅಂಥ ಜಗಳದಲ್ಲೇ.

ಓದುವ ಕ್ರಮದ ಬಗ್ಗೆ ಚುಟುಕಾಗಿ. ಲೇಖನದ ಮೊದಲ ಎರಡು ಪುಟ, ಕೊನೆಯ ಎರಡು ಪುಟ, ಆಮೇಲೆ ಮಧ್ಯದ ಪ್ರಸಂಗ. ಓದುವಾಗ ಮೂರು ಪ್ರಶ್ನೆ: ಇವರು ಯಾರ ಮಾತನ್ನು ತಳ್ಳಿಹಾಕುತ್ತಿದ್ದಾರೆ, ಸಾಕ್ಷಿ ಎಲ್ಲಿಂದ ತಂದರು, ನನ್ನ ಪುಟಕ್ಕೆ ಇದು ಹೊಂದುತ್ತದಾ. ಸಾರಾಂಶ ಮಾತ್ರ ಓದಿಕೊಂಡೋ, ಎಐ ಹತ್ತಿರ ಹೇಳಿಸಿಕೊಂಡೋ ಮುಂದೆ ಹೋಗುವ ಆಸೆ ಆಗುತ್ತದೆ. ಸಾರಾಂಶದಲ್ಲಿ ಮೊದಲು ಉದುರಿಹೋಗುವುದು ತೋಳಿನ ಗುದ್ದು, ವಿಮಾ ಕಂಪನಿ, ಕೆಟ್ಟ ಯಂತ್ರ. ಉಳಿಯುವುದು ವ್ಯಾಖ್ಯೆ. ನೆನಪಿನಲ್ಲಿ ನಿಲ್ಲುವುದು ಉದುರಿಹೋದದ್ದೇ. ರೆಕಾರ್ಡ್ ಆದ ಪಾಠವನ್ನು ಎರಡರಷ್ಟು ವೇಗದಲ್ಲಿ ಕೇಳುವವರಿದ್ದಾರೆ. ಕೇಳಿ, ಆದರೆ ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಒಂದು ಸಾಲು ಬರೆಯದಿದ್ದರೆ ಕೇಳಿದ್ದು ದಂಡ.

ಪೇಪರ್ ಬರೆಯುವಾಗ ಬಹಳ ಜನ ಎಡವುವುದು ಒಂದೇ ಕಡೆ. ಏನೋ ಕೆಟ್ಟದ್ದಾದರೆ ಯಾರೋ ಒಬ್ಬರ ತಲೆಗೆ ಕಟ್ಟುತ್ತಾರೆ. ಮ್ಯಾನೇಜರ್ ಸರಿಯಿರಲಿಲ್ಲ, ಕಥೆ ಮುಗೀತು. ಈ ಕೋರ್ಸ್ ಕಲಿಸಲು ನೋಡುವುದು ಅದರ ಉಲ್ಟಾ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಮೇಲೇರಿದ 73 ಸೆಕೆಂಡಿಗೆ ಒಡೆದು, ಏಳು ಜನ ಸತ್ತರು. ಚಳಿಗೆ ರಬ್ಬರ್ ಸೀಲ್ ಕೈಕೊಡಬಹುದು ಅಂತ ಹಿಂದಿನ ರಾತ್ರಿಯೇ ಎಂಜಿನಿಯರುಗಳು ಎಚ್ಚರಿಸಿದ್ದರು. ದುಡುಕಿನ ಮ್ಯಾನೇಜರುಗಳು ನಿಯಮ ಮುರಿದರು ಅಂತ ಬರೆದು ಮುಗಿಸಬಹುದಿತ್ತು. ಸಮಾಜಶಾಸ್ತ್ರಜ್ಞೆ ಡಯಾನ್ ವಾನ್ ವರ್ಷಗಟ್ಟಲೆ ದಾಖಲೆ ಓದಿ 1996ರಲ್ಲಿ ಬೇರೆಯೇ ಹೇಳಿದರು. ಹಿಂದಿನ ಹಾರಾಟಗಳಲ್ಲೂ ಸೀಲ್‌ಗೆ ಹಾನಿಯಾಗಿತ್ತು, ಏನೂ ಆಗಲಿಲ್ಲ, ಹಾಗಾಗಿ ಪ್ರತಿ ಸಲ ಸ್ವಲ್ಪ ಸ್ವಲ್ಪವೇ ಅದನ್ನು ಮಾಮೂಲಿ ಅಂತ ಒಪ್ಪಿಕೊಂಡು ಬಂದರು, ಅದೂ ನಿಯಮದ ಪ್ರಕಾರವೇ, ಸಭೆ ಮಾಡಿ, ಸಹಿ ಹಾಕಿ. ನಿಮ್ಮ ಪೇಪರಿನಲ್ಲಿ ಒಬ್ಬ ಕೆಟ್ಟವನು ಕಾಣಿಸಿಕೊಂಡರೆ, ಅವನ ಜಾಗದಲ್ಲಿ ಒಳ್ಳೆಯವನನ್ನು ಕೂರಿಸಿ ನೋಡಿ. ಆಗಲೂ ಅದೇ ಆಗುತ್ತಿತ್ತಾ? ಆಗುತ್ತಿತ್ತು ಅಂದರೆ ಕಾರಣ ಕುರ್ಚಿಯಲ್ಲಿದೆ, ಅದನ್ನು ಬರೆಯಿರಿ. ಆಗುತ್ತಿರಲಿಲ್ಲ ಅಂದರೆ ಅದನ್ನೂ ಧೈರ್ಯವಾಗಿ ಬರೆಯಿರಿ, ಆದರೆ ಸಾಕ್ಷಿ ಕೊಡಿ.

ನಿಮ್ಮ ಸಂಸ್ಥೆಯವರನ್ನು ಮಾತಾಡಿಸುವುದಾದರೆ ಮೊದಲು ಯಾಕೆ ಅಂತ ಹೇಳಿ, ಒಪ್ಪಿಗೆ ಪಡೆಯಿರಿ, ಹೆಸರು ಮತ್ತು ಗುರುತು ಬದಲಾಯಿಸಿ. ಸಂದರ್ಶನಕ್ಕೆ ಕಾಲೇಜಿನ ಅನುಮತಿ ಬೇಕಾ ಅಂತ ಮೊದಲೇ ಕೇಳಿಕೊಳ್ಳಿ, ಕೆಲವು ಕಡೆ ಅದಕ್ಕೇ ವಾರಗಳು ಹೋಗುತ್ತವೆ.

ಮೇಷ್ಟ್ರಿಗೆ ಮೇಲ್ ಬರೆಯುವಾಗ "ಮೂರನೇ ಪಾಠ ಅರ್ಥವಾಗಲಿಲ್ಲ" ಅಂತ ಬರೆಯಬೇಡಿ. "ಗೌಲ್ಡ್ನರ್ ಅವರ ತೋರಿಕೆಯ ನಿಯಮಕ್ಕೂ ಮೇಯರ್, ರೋವನ್ ಹೇಳುವ ಸಡಿಲ ನಂಟಿಗೂ ಏನು ವ್ಯತ್ಯಾಸ? ನನ್ನ ಆಫೀಸಿನ ಹಾಜರಿ ಪುಸ್ತಕ ಎರಡಕ್ಕೂ ಹೊಂದುತ್ತಿದೆ" ಅಂತ ಬರೆಯಿರಿ. ಇಂಥ ಪ್ರಶ್ನೆಗೆ ಉತ್ತರ ಬೇಗ ಬರುತ್ತದೆ, ಉದ್ದವಾಗಿಯೂ ಬರುತ್ತದೆ. ಇನ್ನು ಪೋರ್ಟಲ್ ಕೆಟ್ಟು ಪೇಪರ್ ಅಪ್‌ಲೋಡ್ ಆಗದಿದ್ದರೆ ಮೇಷ್ಟ್ರ ಹತ್ತಿರ ಗೋಳಾಡಿ ಸಮಯ ಕಳೆಯಬೇಡಿ. ಸ್ಕ್ರೀನ್‌ಶಾಟ್ ತೆಗೆದು ನೇರ ತಾಂತ್ರಿಕ ಸಹಾಯದವರಿಗೆ ಕಳಿಸಿ, ಅವರ ಹತ್ತಿರ ಮರ್ಯಾದೆಯಿಂದ ಮಾತಾಡಿ. ತಂಬಾಕು ಕಾರ್ಖಾನೆಯ ರಿಪೇರಿಯವರು ಈಗ ಅಲ್ಲಿ ಕೂತಿದ್ದಾರೆ.