ಡೀಸೆಲ್‌ಗೆ ಎಥನಾಲ್ ಬೆರೆಸಿ ಎಂಜಿನ್ ಓಡಿಸಿದ ನನ್ನ ಅನುಭವ

ಮಂಡ್ಯದ ಕಬ್ಬಿನ ಗದ್ದೆಗಳ ನಡುವೆ ಬೆಳೆದ ನನಗೆ, ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯ ವಾಸನೆ ಹೊಸದೇನಲ್ಲ; ಎಥನಾಲ್ ಎಂಬ ಮದ್ಯಸಾರವನ್ನು ತಯಾರಿಸುವುದು ಅದರಿಂದಲೇ. ಹಾಗಾಗಿ ಮೈಸೂರಿನ ಕಾಲೇಜಿನಲ್ಲಿ ಸ್ನಾತಕೋತ್ತರ ಪದವಿಯ ಪ್ರಯೋಗಕ್ಕೆ ವಿಷಯ ಆರಿಸಿಕೊಳ್ಳಬೇಕಾದಾಗ ಎಥನಾಲ್ ಬೆರೆಸಿದ ಡೀಸೆಲ್ಲನ್ನೇ ಹಿಡಿದೆ. ಪೆಟ್ರೋಲಿಗೆ ಶೇ. 20ರವರೆಗೆ ಎಥನಾಲ್ ಬೆರೆಸುತ್ತಿರುವಾಗ ಡೀಸೆಲ್ಲಿಗೆ ಶೇ. 15 ಬೆರೆಸುವುದು ಯಾವ ಮಹಾ ಕೆಲಸ ಎಂದುಕೊಂಡಿದ್ದೆ.

ಮೊದಲ ಪೆಟ್ಟು ಬಿದ್ದದ್ದು ಎಂಜಿನ್ ಚಾಲೂ ಮಾಡುವ ಮೊದಲೇ. ಕೈಗೆ ಸಿಕ್ಕ ರೆಕ್ಟಿಫೈಡ್ ಸ್ಪಿರಿಟ್ಟನ್ನು (ಬಟ್ಟಿ ಇಳಿಸಿದ, ತುಸು ನೀರು ಉಳಿದಿರುವ ಎಥನಾಲ್) ಗಾಜಿನ ಶೀಷೆಯಲ್ಲಿ ಡೀಸೆಲ್ ಜೊತೆ ಕುಲುಕಿ ಇಟ್ಟರೆ, ಹಾಲಿನಂತೆ ಬೆಳ್ಳಗಾದ ದ್ರವ ಸ್ವಲ್ಪ ಹೊತ್ತಿನಲ್ಲೇ ಎರಡು ಪದರವಾಗಿ ನಿಂತು, ನಡುವೆ ಕೂದಲೆಳೆಯಂಥ ಗೆರೆ ಮೂಡಿತು. ಆ ಸ್ಪಿರಿಟ್ಟಿನಲ್ಲಿರುವ ಶೇ. 5ರಷ್ಟು ನೀರೇ ಅದಕ್ಕೆ ಸಾಕಾಗಿತ್ತು. ನೀರು ತೆಗೆದ ಎಥನಾಲ್ ತಂದಾಗ ಮಿಶ್ರಣ ತಿಳಿಯಾಯಿತಾದರೂ, ರಾತ್ರಿ ಫ್ರಿಜ್ಜಿನಲ್ಲಿಟ್ಟ ಶೀಷೆ ಬೆಳಿಗ್ಗೆ ಮತ್ತೆ ಮಬ್ಬಾಗಿತ್ತು. ಕೊನೆಗೆ ಎರಡನ್ನೂ ಹಿಡಿದಿಡಲು ಶೇ. 10ರಷ್ಟು ಹೊಂಗೆ ಎಣ್ಣೆಯ ಬಯೋಡೀಸೆಲ್ ಸೇರಿಸಿ, ಡೀಸೆಲ್ಲನ್ನು ಶೇ. 75ಕ್ಕೆ ಇಳಿಸಿದೆ, ಆ ಮಿಶ್ರಣ ಬೇರ್ಪಡದೆ ಉಳಿಯಿತು.

ಎಂಜಿನ್ ನಮ್ಮ ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿರುವ ಒಂದು ಸಿಲಿಂಡರಿನ, ನಿಮಿಷಕ್ಕೆ 1500 ಸುತ್ತಿನ, 5.2 ಕಿಲೋವ್ಯಾಟ್‌ನದು. ಇಂಧನ ಎಷ್ಟು ಬೇಗ ತಾನಾಗಿ ಹೊತ್ತಿಕೊಳ್ಳುತ್ತದೆ ಎಂದು ಹೇಳುವ ಸಿಟೇನ್ ಸಂಖ್ಯೆ ಎಥನಾಲಿಗೆ 10ರ ಆಸುಪಾಸಿನದು, ಡೀಸೆಲ್ಲಿಗೆ ಇಲ್ಲಿ ಕನಿಷ್ಠ 51 ಇರಬೇಕು; ಮೇಲಾಗಿ ಎಥನಾಲ್ ಆವಿಯಾಗುವಾಗ ಡೀಸೆಲ್ಲಿಗಿಂತ ಸುಮಾರು ಮೂರು ಪಟ್ಟು ಶಾಖವನ್ನು ಹೀರಿಕೊಳ್ಳುತ್ತದೆ. ಹೀಗಾಗಿ ಎಂಜಿನ್ ಮೇಲೆ ಕೆಲಸದ ಹೊರೆ ಕಡಿಮೆಯಿದ್ದು ಸಿಲಿಂಡರ್ ತಣ್ಣಗಿರುವಾಗ, ಅಂದರೆ ಕಡಿಮೆ ಭಾರದಲ್ಲಿ, ಇಂಧನ ಹೊತ್ತಿಕೊಳ್ಳುವುದು ತಡವಾಗಿ, ಅಲ್ಲಿಯವರೆಗೆ ಸಂಗ್ರಹವಾದದ್ದೆಲ್ಲ ಒಮ್ಮೆಲೇ ಉರಿದು ಬಡಿತ ಕೇಳಿಸುತ್ತಿತ್ತು. ಸಹಾಯಕರು "ಸಾರ್, ಎಂಜಿನ್ ಕೆಮ್ತಾ ಇದೆ" ಎಂದದ್ದನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ ಹಾಗೆಯೇ ಬರೆದುಕೊಂಡೆ. ಆ ಹಂತದಲ್ಲಿ ಇಂಗಾಲದ ಮಾನಾಕ್ಸೈಡ್ ಮತ್ತು ಸುಡದ ಹೈಡ್ರೋಕಾರ್ಬನ್ ಎರಡೂ ಡೀಸೆಲ್ಲಿಗಿಂತ ಹೆಚ್ಚಿದ್ದವು.

ಪೂರ್ಣ ಭಾರದಲ್ಲಿ ಚಿತ್ರವೇ ಬೇರೆ. ಎಥನಾಲಿನ ತೂಕದ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಆಮ್ಲಜನಕವೇ ಆಗಿರುವುದರಿಂದ, ಇಂಧನ ದಟ್ಟವಾಗಿರುವ ಜಾಗದಲ್ಲೂ ಮಸಿ ಕಟ್ಟುವುದು ಕಡಿಮೆಯಾಗಿ, ಹೊಗೆ ಕಣ್ಣಿಗೇ ಕಾಣುವಷ್ಟು ತಿಳಿಯಾಯಿತು. ನೈಟ್ರೋಜನ್ ಆಕ್ಸೈಡುಗಳ ವಿಷಯದಲ್ಲಿ ಮಾತ್ರ ನಾನು ಯಾವ ಡಂಗುರವನ್ನೂ ಸಾರಲಾರೆ: ಕಡಿಮೆ ಭಾರದಲ್ಲಿ ತುಸು ಇಳಿದವು, ಪೂರ್ಣ ಭಾರದಲ್ಲಿ ಹೆಚ್ಚುಕಡಿಮೆ ಅಷ್ಟೇ ಇದ್ದವು.

ಇಂಧನದ ಖರ್ಚಿನ ಲೆಕ್ಕದಲ್ಲಿ ನಾನು ಎಡವಿದ್ದೆ. ಇಂಧನ ಅಳೆಯುವ ಗೆರೆ ಹಾಕಿದ ಗಾಜಿನ ಕೊಳವೆಯಾದ ಬ್ಯುರೆಟ್ಟಿನಲ್ಲಿ 10 ಮಿಲಿಲೀಟರ್ ಇಳಿಯಲು ಡೀಸೆಲ್ಲಿಗೆ ಸುಮಾರು 23 ಸೆಕೆಂಡು, ಮಿಶ್ರಣಕ್ಕೆ 22. ಖರ್ಚು ಹೆಚ್ಚಾಯಿತೆಂದು ಬೇಸರದಿಂದ ಬರೆದಿಟ್ಟ ಮೇಲೆ, ಲೀಟರಿನ ಬದಲು ಶಕ್ತಿಯ ಲೆಕ್ಕ ಹಾಕಿದೆ. ಒಂದು ಲೀಟರ್ ಮಿಶ್ರಣದಲ್ಲಿ ಡೀಸೆಲ್ಲಿಗಿಂತ ಶೇ. 7ರಷ್ಟು ಕಡಿಮೆ ಶಕ್ತಿಯಿರುವುದರಿಂದ ಸಮಯ 21.5 ಸೆಕೆಂಡಿನ ಆಸುಪಾಸಿಗೆ ಇಳಿಯಬೇಕಿತ್ತು. 22 ನಿಂತಿತೆಂದರೆ ದಕ್ಷತೆ ತುಸು ಏರಿತ್ತು ಎಂದರ್ಥ. ನಿಲ್ಲಿಸುವ ಗಡಿಯಾರವನ್ನು ಒತ್ತುವ ಬೆರಳೇ ಅರ್ಧ ಸೆಕೆಂಡು ತಪ್ಪಬಹುದೆಂದು ಪ್ರತಿ ಅಳತೆಯನ್ನೂ ಐದು ಸಲ ತೆಗೆದೆ.

ಎಥನಾಲಿನ ಆವಿ 13 ಡಿಗ್ರಿಯಲ್ಲೇ ಕಿಡಿಗೆ ಹೊತ್ತಿಕೊಳ್ಳುವುದರಿಂದ, ಮಿಶ್ರಣದ ಡಬ್ಬವನ್ನು ಪೆಟ್ರೋಲಿನಂತೆಯೇ ಹೊರಗಿನ ನೆರಳಿನಲ್ಲಿ ಮುಚ್ಚಿಡುತ್ತಿದ್ದೆವು. ಎಲ್ಲ ಮುಗಿದ ಮೇಲೆ ಅರ್ಧ ಗಂಟೆ ಬರೀ ಡೀಸೆಲ್ಲಿನಲ್ಲಿ ಓಡಿಸಿ ಪಂಪನ್ನು ಬಿಚ್ಚಿದಾಗ, ಒಂದು ರಬ್ಬರ್ ವಾಷರ್ ಉಬ್ಬಿ ತನ್ನ ಜಾಗದಿಂದ ಹೊರಗೆ ಇಣುಕುತ್ತಿತ್ತು. ಹೊಸದನ್ನು ಹಾಕಿದ ಮೇಲೆಯೇ ಎಂಜಿನ್ನನ್ನು ಮುಂದಿನ ತಂಡಕ್ಕೆ ಒಪ್ಪಿಸಿದೆ.